ಮಳೆಗಾಲದ ಹೆರಿಗೆ: ಮಗುವಿಗೆ ನಿಜವಾಗ್ಲೂ ಏನೇನು ಬೇಕು, ಯಾವುದು ದುಡ್ಡು ದಂಡ?

ಕೊಟ್ಟಿಗೆಹಾರ_ಗಾಳಿ
ಎಲ್ಲರಿಗೂ ನಮಸ್ಕಾರ. ಆಗಸ್ಟ್ ಮೊದಲ ವಾರಕ್ಕೆ ಹೆರಿಗೆ ದಿನ ಕೊಟ್ಟಿದ್ದಾರೆ. ಬಾಣಂತನ ಮೂಡಿಗೆರೆ ಕಡೆ ತೋಟದ ಮನೇಲಿ, ಐದನೇ ತಿಂಗಳಿಗೆ ತಾಯಿ-ಮಗು ಹಾಸನಕ್ಕೆ, ಆಮೇಲೆ ತಾಯಿ ಕೆಲಸಕ್ಕೆ. ಬಜೆಟ್ 15 ಸಾವಿರ. ಆನ್‌ಲೈನ್ ಪಟ್ಟಿ ನೋಡಿದ್ರೆ ಮುಗಿಯೋದೇ ಇಲ್ಲ: ತೊಟ್ಟಿಲು, ಸ್ಟ್ರೋಲರ್, ವಾಕರ್, ಬಾಟಲಿ ಸ್ಟೆರಿಲೈಸರ್, ಬ್ರೆಸ್ಟ್ ಪಂಪ್, ಕಾರ್ ಸೀಟ್, ಬಾತ್ ಟಬ್, ಸಾಸಿವೆ ದಿಂಬು, ಪೌಡರ್, ಗ್ರೈಪ್ ವಾಟರ್, ಡೈಪರ್ ದೊಡ್ಡ ಪ್ಯಾಕು. ಮನೆಯ ಹಿರಿಯರು "ಹುಟ್ಟೋಕೆ ಮುಂಚೆ ಹೊಸದು ಏನೂ ತರಬಾರದು" ಅಂತಾರೆ, ಅವರ ಮಾತು ಮೀರೋ ಹಾಗಿಲ್ಲ. ಮೊದಲ ದಿನಕ್ಕೇ ಏನು ಬೇಕು, ಆಮೇಲೆ ತಂದರೆ ಸಾಕಾಗೋದು ಯಾವುದು, ಬೇಡವೇ ಬೇಡ ಅನ್ನೋದು ಯಾವುದು? ತಿಳಿದೋರು ಹೇಳಿ.

ವಾರ್ಡ್_ಅಕ್ಕ
ಮೊದಲು ಆಸ್ಪತ್ರೆ ಬ್ಯಾಗು. ತಾಯಿ ಕಾರ್ಡ್, ಆಧಾರ್, ಸ್ಕ್ಯಾನಿಂಗ್ ರಿಪೋರ್ಟು, ರಕ್ತದ ಗುಂಪಿನ ಚೀಟಿ ಎಲ್ಲಾ ಒಂದೇ ಪ್ಲಾಸ್ಟಿಕ್ ಫೈಲಲ್ಲಿರಲಿ, ಮಳೇಲಿ ನೆನೀಬಾರದು. ತಾಯಿಗೆ ಮುಂದೆ ಬಿಚ್ಚೋ ನೈಟಿ 3–4, ದೊಡ್ಡ ಪ್ಯಾಡು 2 ಪ್ಯಾಕು, ಕಾಲುಚೀಲ, ಒಂದು ಶಾಲು. ಮಗುವಿಗೆ ಒಗೆದು ಇಸ್ತ್ರಿ ಮಾಡಿದ ಮೆತ್ತನೆ ಹಳೇ ಹತ್ತಿ ಬಟ್ಟೆ 12–15, ಸುತ್ತೋಕೆ ದಪ್ಪ ಬಟ್ಟೆ 3, ಕುಲಾವಿ 2, ಕಾಲುಚೀಲ 2 ಜೊತೆ. ಸುತ್ತೋ ಬಟ್ಟೇಲಿ ಎರಡನ್ನ ಬೇರೆ ಕವರಲ್ಲಿ ಇಟ್ಟು ಹೆರಿಗೆ ಕೋಣೆಗೆ ಹೋಗುವಾಗಲೇ ಸಿಸ್ಟರ್ ಕೈಗೆ ಕೊಡಿ. ಹುಟ್ಟಿದ ಕೂಡಲೇ ಒಂದರಲ್ಲಿ ಒರೆಸಿ, ಆ ಒದ್ದೆ ಬಟ್ಟೆ ತೆಗೆದು ಇನ್ನೊಂದರಲ್ಲಿ ಸುತ್ತಬೇಕು. ಒದ್ದೆ ಬಟ್ಟೇಲೇ ಬಿಟ್ಟರೆ ಮಗು ಬೇಗ ತಣ್ಣಗಾಗುತ್ತೆ.

ಬ್ಯಾಗಲ್ಲಿ ಇರಬಾರದ್ದು: ಹಾಲಿನ ಬಾಟಲಿ, ಹಾಲಿನ ಪುಡಿ ಡಬ್ಬ, ಪೌಡರ್, ಕಾಡಿಗೆ, ಜೇನುತುಪ್ಪ. ಒಂದು ಗಂಟೆಯೊಳಗೆ ಎದೆಗೆ ಹಾಕಬೇಕು. ಮೊದಲು ಬರೋ ಹಳದಿ ಗಿಣ್ಣುಹಾಲು ಕೆಲವೇ ಚಮಚ ಇದ್ದರೂ ಆ ಪುಟ್ಟ ಹೊಟ್ಟೆಗೆ ಅಷ್ಟೇ ಸಾಕು. ಸಕ್ಕರೆ ನೀರು, ಜೇನು ನೆಕ್ಕಿಸೋದು ಬೇಡ. ಒಂದು ವರ್ಷದ ಒಳಗೆ ಜೇನು ಕೊಟ್ಟರೆ ಬೊಟುಲಿಸಂ ಅನ್ನೋ ಅಪಾಯ ಇದೆ, ಮಗುವಿನ ಸ್ನಾಯುಗಳ ಶಕ್ತಿಯೇ ಕುಂದುತ್ತೆ.

ಬೇಲೂರು_ಹೊಯ್ಸಳ
ಹಿರಿಯರು ಹೇಳಿದ್ದು ಸರಿ ಇದೆ. ಮೊದಲು ಮೈಗೆ ತಾಗೋದು ಹಳೇ ಬಟ್ಟೇನೇ ಆಗಬೇಕು ಅನ್ನೋದು ನಮ್ಮ ಕಡೆ ಎಲ್ಲಾ ಮನೇಲೂ ಇದೆ.

ಹೊಲಿಗೆ_ಮೇಷ್ಟ್ರು
ಅದಕ್ಕೆ ಬರೀ ಶಾಸ್ತ್ರ ಅಲ್ಲ, ಕಾರಣಾನೂ ಇದೆ. ಹೊಸ ಬಟ್ಟೇಲಿ ಗಂಜಿ ಇರುತ್ತೆ, ನೀರು ಹೀರಲ್ಲ, ಮೈಗೆ ಒರಟು. ನೂರು ಸಲ ಒಗೆದ ಪಂಚೆ ಹೀರೋ ಹಾಗೆ ಯಾವ ಹೊಸ ಬಟ್ಟೇನೂ ಹೀರಲ್ಲ.

ಲೆಕ್ಕ ಕೇಳಿ. ಜೋಡಿ ಪಂಚೆ 3.6 ಮೀಟರ್ ಉದ್ದ, ಸುಮಾರು 1.2 ಮೀಟರ್ ಅಗಲ. 60 ಸೆಂ.ಮೀ. ಚೌಕ ಕತ್ತರಿಸಿದ್ರೆ ಒಂದು ಪಂಚೇಲಿ 12 ತುಂಡು. ಜರಿ ಅಂಚು ತೆಗೆದುಬಿಡಿ, ತೊಡೆಗೆ ಗೀರುತ್ತೆ. ಆಗ ಅಂಚಿನ ತುಂಡುಗಳ ಒಂದು ಬದಿ ಸ್ವಲ್ಪ ಕಡಿಮೆ ಆಗುತ್ತೆ, ತೊಂದರೆ ಇಲ್ಲ. ಅಂಚು ಮಡಚಿ ಹೊಲೀಬೇಡಿ, ಹೊಲಿದ ಕಡೆ ದಪ್ಪ ಆಗಿ ಸೊಂಟಕ್ಕೆ ಒತ್ತುತ್ತೆ, ಒಣಗೋದೂ ಅಲ್ಲೇ ತಡ. ಎಳೆ ಬಿಡದ ಹಾಗೆ ಓವರ್‌ಲಾಕ್ ಹೊಡೆಸಿದ್ರೆ ಸಾಕು. ತ್ರಿಕೋನ ಮಡಚಿ ಗಂಟು ಹಾಕೋದು ಹೊಕ್ಕಳಿಗಿಂತ ಕೆಳಗೆ ಇರಲಿ. ಬಳ್ಳಿ ಬೀಳೋವರೆಗೂ ಅಲ್ಲಿ ಗಾಳಿ ಆಡಬೇಕು.

ಕೊಟ್ಟಿಗೆಹಾರ_ಗಾಳಿ
ಮೇಷ್ಟ್ರೇ, ಒಟ್ಟು ಎಷ್ಟು ತುಂಡು ಬೇಕು? ಒಂದು ಕಡೆ 12 ಅಂತಾರೆ, ಇನ್ನೊಂದು ಕಡೆ 24.

ಅರಸೀಕೆರೆ_ತೆಂಗು
24 ಧಾರಾಳ ಸಾಕು. ಬೆಳಿಗ್ಗೆ ಒಗೆದು ಹಾಕಿದ್ರೆ ಮಧ್ಯಾಹ್ನಕ್ಕೆ ಗರಿಗರಿ.

ಮಲೆನಾಡ_ಮಣೆ
ಅದು ಅರಸೀಕೆರೆ ಮಾರಾಯ್ರೆ. ಕೊಟ್ಟಿಗೆಹಾರದಲ್ಲಿ ಆಗಸ್ಟಲ್ಲಿ ಬಿಸಿಲು ಎಲ್ಲಿಂದ ತರ್ತೀರಿ? ಅಲ್ಲಿ ಒಂದು ತೆಳು ಬಟ್ಟೆ ಒಣಗೋಕೆ ಎರಡು ದಿನ, ದಪ್ಪದಾದ್ರೆ ಮೂರು ದಿನ. ಹುಟ್ಟಿದ ಮಗು ದಿನಕ್ಕೆ 10–12 ಬಟ್ಟೆ ಒದ್ದೆ ಮಾಡುತ್ತೆ. 12 ಗುಣಿಸು 3, ಅಂದ್ರೆ 36. ಮೇಲೆ ಒಂದು ಡಜನ್ ಕೈಯಲ್ಲಿರಲಿ, ಒಟ್ಟು 48, ನಾಲ್ಕು ಹಳೇ ಪಂಚೆ. ಇದಕ್ಕೆ ದುಡ್ಡು ಬೇಡ, ನೆಂಟರ ಮನೆಗಳಲ್ಲಿ ಕೇಳಿದ್ರೆ ಬರುತ್ತೆ.

ಮಳೆಗಾಲದ ಮಗುವಿಗೆ ಏನು ಕೊಳ್ಳಬೇಕು ಅಂತ ಕೇಳಿದ್ರೆ ನನ್ನ ಉತ್ತರ ಒಂದೇ: ಒಣ ಬಟ್ಟೆ. ಆ 15 ಸಾವಿರದಲ್ಲಿ ದೊಡ್ಡ ಪಾಲು ಒಣಗಿಸೋ ವ್ಯವಸ್ಥೆಗೆ ಹೋಗ್ಲಿ. ಮನೇಲಿ ವಾಷಿಂಗ್ ಮೆಷಿನ್ ಇದ್ರೆ ಒಗೆದ ಮೇಲೆ ಸ್ಪಿನ್ ಎರಡು ಸಲ ಹಾಕಿ. ಅಲ್ಲೇ ಅರ್ಧ ನೀರು ಹೋಗಿರುತ್ತೆ. ಹಗ್ಗದ ಮೇಲೆ ಒಂದರ ಮೇಲೊಂದು ಹೇರಬೇಡಿ, ನಡುವೆ ಒಂದು ಗೇಣು ಜಾಗ ಬಿಡಿ, ಕೆಳಗಿನಿಂದ ಟೇಬಲ್ ಫ್ಯಾನ್ ತಿರುಗಿಸಿ ಬಿಡಿ. ಕೊನೆಗೆ ಬಿಸಿ ಇಸ್ತ್ರಿ. ಮೇಲೆ ಒಣಗಿದ ಹಾಗೆ ಕಂಡ್ರೂ ಮಡಿಕೆ ಒಳಗೆ ತೇವ ಇದ್ದರೆ ಮಾರನೇ ದಿನಕ್ಕೆ ಮುಗ್ಗಲು ವಾಸನೆ.

ಇನ್ನೊಂದು, ಬಾಣಂತಿ ಕೋಣೇಲೇ ಹಗ್ಗ ಕಟ್ಟಬೇಡಿ. ಬಟ್ಟೆಯ ನೀರೆಲ್ಲಾ ಆ ಕೋಣೆ ಗಾಳಿಗೇ ಸೇರಿ ಗೋಡೆಗೆ ಬೂಷ್ಟು ಹಿಡಿಯುತ್ತೆ.

ಆಲ್ದೂರು_ಎಸ್ಟೇಟ್
ಒಲೆ ಮೇಲೆ ಗಳ ಕಟ್ಟಿ ಒಣಗಿಸೋದು ತಲೆತಲಾಂತರದಿಂದ ಇದೆ. ಕೆಂಡದ ಮೇಲೆ ಬಿದಿರು ಬುಟ್ಟಿ ಕವುಚಿ ಅದರ ಮೇಲೆ ಬಟ್ಟೆ ಹರಡಿದ್ರೆ ಒಂದು ಗಂಟೆ ಕೆಲಸ. ಮೆಷಿನ್ನು ಫ್ಯಾನು ಎಂತಕ್ಕೆ? ಕರೆಂಟೇ ಇರಲ್ಲ ಮಳೆಗಾಲದಲ್ಲಿ.

ವಾರ್ಡ್_ಅಕ್ಕ
ಅಣ್ಣ, ಬಚ್ಚಲುಮನೆ ಹಂಡೆ ಒಲೆ ಹತ್ತಿರ ಆದ್ರೆ ಆಗಬಹುದು, ಹೊಗೆ ವಾಸನೆ ಹಿಡಿಯದ ಹಾಗೆ ಒಲೆ ಬಾಯಿಂದ ದೂರ. ಆದ್ರೆ ಬಾಣಂತಿ ಮಲಗೋ ಕೋಣೆಯೊಳಗೆ ಕೆಂಡ ಇಡೋದು ಬೇಡವೇ ಬೇಡ, ದಯವಿಟ್ಟು. ಹೊಗೆ ಆಡದ ಕೆಂಡದಿಂದಲೂ ಕಾರ್ಬನ್ ಮೊನಾಕ್ಸೈಡ್ ಬರುತ್ತೆ. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ನಿದ್ದೆ ಬಂದ ಹಾಗಾಗುತ್ತೆ, ಎಚ್ಚರ ಆಗೋದೇ ಇಲ್ಲ. ಹಿಂದಿನ ಹೆಂಚಿನ ಮನೇಲಿ ಹೆಂಚಿನ ಸಂದೀಲಿ ಗಾಳಿ ಆಡ್ತಿತ್ತು. ಈಗ ಆರ್‌ಸಿಸಿ ತಾರಸಿ, ಗಾಜಿನ ಕಿಟಕಿ, ಬಾಗಿಲ ಕೆಳಗೆ ಗೋಣಿತಾಟು ತುರುಕಿರ್ತಾರೆ. ಹಿಂದೆ ನಡೀತಿತ್ತು ಅಂತ ಇವತ್ತಿನ ಮನೇಲಿ ಮಾಡೋಕಾಗಲ್ಲ. ಸಾಂಬ್ರಾಣಿ ಹೊಗೆಗೂ ಇದೇ ಮಾತು. ಮಗುವಿನ ಉಸಿರಿನ ಕೊಳವೆ ತುಂಬಾ ಸಣ್ಣದು.

ಆಲ್ದೂರು_ಎಸ್ಟೇಟ್
ಹಾಗಾದ್ರೆ ಚಳಿಗೆ?

ವಾರ್ಡ್_ಅಕ್ಕ
ತಾಯಿಯ ಎದೆ ಮೇಲೆ ಬರೀ ಮೈಯಲ್ಲಿ ಮಲಗಿಸಿ ಮೇಲೆ ಶಾಲು ಹೊದಿಸೋದು, ಅದಕ್ಕಿಂತ ಬೆಚ್ಚಗಿನ ಜಾಗ ಇಲ್ಲ. ಉಳಿದಂತೆ ದೊಡ್ಡವರು ಎಷ್ಟು ಪದರ ಹಾಕಿದ್ದಾರೋ ಅದಕ್ಕಿಂತ ಒಂದು ಪದರ ಹೆಚ್ಚು. ಹೊಟ್ಟೆ ಮುಟ್ಟಿ, ಪಾದ ಮುಟ್ಟಿ. ಎರಡೂ ಬೆಚ್ಚಗಿದ್ರೆ ಸರಿ. ಹೊಟ್ಟೆ ಬೆಚ್ಚಗಿದ್ದು ಪಾದ ತಣ್ಣಗಿದ್ರೆ ಮಗುವಿಗೆ ಚಳಿ ಶುರು ಆಗಿದೆ. ಎರಡೂ ತಣ್ಣಗಿದ್ರೆ ಎದೆಗೆ ಅಪ್ಪಿಕೊಂಡೇ ಆಸ್ಪತ್ರೆಗೆ ಹೊರಡಿ. ಕತ್ತು ಬೆವರ್ತಿದ್ರೆ ಹೊದಿಸಿದ್ದು ಹೆಚ್ಚಾಯ್ತು.

ಮೆಡಿಕಲ್_ಶಾಪ್_ಹಾಸನ
ಹಳೇ ಬಟ್ಟೆ ಮಾತು ಬಂದಿದ್ದಕ್ಕೆ ಒಂದು ಮುಖ್ಯ ಎಚ್ಚರಿಕೆ. ಅಟ್ಟದ ಟ್ರಂಕಿಂದ ತೆಗೆದ ಬಟ್ಟೇಲಿ ನುಸಿಗುಳಿಗೆ ವಾಸನೆ ಇರುತ್ತೆ. ನುಸಿಗುಳಿಗೆಯ ನ್ಯಾಫ್ತಲೀನ್ ಮಗುವಿನ ಚರ್ಮ, ಉಸಿರು ಎರಡರಿಂದಲೂ ಒಳಗೆ ಹೋಗುತ್ತೆ. ಜಿ6ಪಿಡಿ ಅನ್ನೋ ಕಿಣ್ವದ ಕೊರತೆ ಹುಟ್ಟಿನಿಂದಲೇ ಇರೋ ಮಕ್ಕಳಲ್ಲಿ ಕೆಂಪು ರಕ್ತಕಣ ಒಡೆದು ಕಾಮಾಲೆ ಜೋರಾಗುತ್ತೆ. ಕೊರತೆ ಇದೆಯೋ ಇಲ್ಲವೋ ಅಂತ ಮೊದಲೇ ಯಾರಿಗೂ ಗೊತ್ತಿರಲ್ಲ. ಹಾಗಾಗಿ ಆ ಬಟ್ಟೆಗಳನ್ನ ಈಗಲೇ, ಇನ್ನೂ ಬಿಸಿಲು ಇರುವಾಗಲೇ, ಬಿಸಿನೀರು ಸೋಪಲ್ಲಿ ಎರಡು–ಮೂರು ಸಲ ಒಗೆದು ವಾಸನೆ ಪೂರ್ತಿ ಹೋಗೋವರೆಗೂ ಗಾಳಿಗೆ ಹಾಕಿ. ಹೋಗದಿದ್ರೆ ಆ ಬಟ್ಟೆ ಬೇಡ. ಇಡುವಾಗ ಮತ್ತೆ ಗುಳಿಗೆ ಹಾಕಬೇಡಿ, ಕರ್ಪೂರಾನೂ ಬೇಡ. ಕರ್ಪೂರ ಕಲಸಿದ ಎಣ್ಣೆ ಮಗುವಿನ ಎದೆಗೆ ಉಜ್ಜೋದು ಇನ್ನೂ ಕೆಲವು ಕಡೆ ಇದೆ. ಕರ್ಪೂರ ಮೈಗೆ ಸೇರಿದ್ರೆ ಫಿಟ್ಸ್ ಬರೋ ಸಾಧ್ಯತೆ ಇದೆ.

ಕೊಟ್ಟಿಗೆಹಾರ_ಗಾಳಿ
ಇದು ಗೊತ್ತೇ ಇರಲಿಲ್ಲ. ಟ್ರಂಕು ಇವತ್ತೇ ತೆಗೆಸ್ತೀನಿ.

ಅರಸೀಕೆರೆ_ತೆಂಗು
ನಮ್ಮ ಕಡೆ ಬಿಸಿಲು ಇದ್ದರೂ ಬೇರೆ ತೊಂದರೆ. ಅರಸೀಕೆರೆ, ಕಡೂರು ಕಡೆ ಬೋರ್ ನೀರು ಗಡಸು. ಸೋಪು ನೊರೆ ಬರಲ್ಲ ಅಂತ ಇನ್ನಷ್ಟು ಹಾಕ್ತಾರೆ, ಅದು ಬಟ್ಟೇಲೇ ಉಳಿದು ಕುಂಡೆ ಕೆಂಪಾಗುತ್ತೆ. ಬಟ್ಟೆ ಒರಟಾಯ್ತು ಅಂತ ಮೆತ್ತಗೆ ಮಾಡೋ ಸುಗಂಧದ ದ್ರಾವಣ ಹಾಕಿದ್ರೆ ಎಳೆಗಳ ಮೇಲೆ ಜಿಡ್ಡು ಕೂತು ಹೀರೋ ಗುಣಾನೇ ಹೋಗುತ್ತೆ. ಸೋಪು ಕಡಿಮೆ, ಬರೀ ನೀರಲ್ಲಿ ಜಾಲಿಸೋದು ಮೂರು ಸಲ. ಡೆಟಾಲಿನಂಥದ್ದನ್ನೂ ದಿನಾ ಹಾಕೋದು ಬೇಡ.

ಶ್ರಾವಣ_ಸೋಮವಾರ
ಇಷ್ಟೆಲ್ಲಾ ಒಗೆದು ಒಣಗಿಸೋ ಬದಲು ಡೈಪರ್ ಹಾಕಿದ್ರೆ ಆಗಲ್ವಾ? 2026ರಲ್ಲಿ ಪಂಚೆ ಹರಿಯೋದು ಯಾಕೆ? ಬಾಣಂತಿಗೆ ನಿದ್ದೆ ಮುಖ್ಯ.

ಮಲೆನಾಡ_ಮಣೆ
ಬಾಣಂತಿ ಒಗೀಬೇಕು ಅಂತ ಯಾರು ಹೇಳಿದ್ದು? ಮನೇಲಿ ಬೇರೆ ಜನ ಇಲ್ವಾ?

ಮೆಡಿಕಲ್_ಶಾಪ್_ಹಾಸನ
ಇಬ್ಬರ ಮಾತೂ ಸರಿ. ಹಗಲು ಬಟ್ಟೆ, ರಾತ್ರಿ ಮತ್ತು ಪ್ರಯಾಣಕ್ಕೆ ಡೈಪರ್, ಮಳೆಗಾಲಕ್ಕೆ ಇದು ಹೊಂದುತ್ತೆ. ಕೊಳ್ಳುವಾಗ ಗಮನ ಇಡಬೇಕಾದ್ದು ಸೈಜು. ನವಜಾತ ಅಂತ ಬರೆದಿದ್ದು ಸಾಮಾನ್ಯವಾಗಿ 5 ಕಿಲೋವರೆಗೆ. ಹೆಚ್ಚಿನ ಮಕ್ಕಳು ಎರಡು ತಿಂಗಳ ಆಸುಪಾಸಲ್ಲಿ ಅದನ್ನ ದಾಟಿಬಿಡ್ತಾರೆ. ಆಫರ್ ಅಂತ ದೊಡ್ಡ ಪ್ಯಾಕು ತಂದು ಅರ್ಧ ಉಳಿದ ಮನೆಗಳೇ ಜಾಸ್ತಿ. ಚಿಕ್ಕ ಪ್ಯಾಕು ಒಂದು ಸಾಕು. ಮೂತ್ರ ಮಾತ್ರ ಆಗಿದ್ರೆ 3–4 ಗಂಟೆಗೆ ಬದಲಿಸಿ, ಮಲ ಆದ್ರೆ ಕೂಡಲೇ. ವೈಪ್ಸ್ ಬದಲು ಉಗುರುಬೆಚ್ಚಗಿನ ನೀರು, ಹತ್ತಿ. ಹೆಣ್ಣುಮಗುವಿಗೆ ಮುಂದಿಂದ ಹಿಂದಕ್ಕೆ ಒರೆಸಬೇಕು.

ಕೆಂಪಾದ್ರೆ ಸ್ವಲ್ಪ ಹೊತ್ತು ಬಿಚ್ಚಿ ಗಾಳಿಗೆ ಬಿಡಿ, ಆಮೇಲೆ ಝಿಂಕ್ ಆಕ್ಸೈಡ್ ಮುಲಾಮು ದಪ್ಪಗೆ ಹಚ್ಚಿ. ತೊಡೆಸಂದಿಯ ಮಡಿಕೆ ಒಳಗೂ ಕಡುಕೆಂಪು, ಸುತ್ತ ಚಿಕ್ಕ ಚಿಕ್ಕ ಕೆಂಪು ಚುಕ್ಕೆ ಇದ್ರೆ ಅದು ಶಿಲೀಂಧ್ರ. ಅದಕ್ಕೆ ಬೇರೆ ಔಷಧಿ, ಡಾಕ್ಟರ ಹತ್ತಿರ ತೋರಿಸಿ. ಪೌಡರ್ ಮಾತ್ರ ಎಲ್ಲಿಗೂ ಬೇಡ. ಒದ್ದೆಗೆ ಗಂಟು ಕಟ್ಟಿ ಮಡಿಕೇಲಿ ಉಜ್ಜುತ್ತೆ, ಧೂಳು ಶ್ವಾಸಕೋಶಕ್ಕೆ ಹೋಗುತ್ತೆ.

ಆಲ್ದೂರು_ಎಸ್ಟೇಟ್
ಡೈಪರ್ ಬಳಸೋರು ಅದನ್ನ ಗೊಬ್ಬರದ ಗುಂಡಿಗೆ ಎಸೀಬೇಡಿ. ಒಳಗಿನ ಜೆಲ್ ಕೊಳೆಯಲ್ಲ, ಮುಂದಿನ ವರ್ಷ ಕಾಫಿ ಗಿಡದ ಬುಡದಲ್ಲಿ ಪ್ಲಾಸ್ಟಿಕ್ ಸಿಗುತ್ತೆ. ಸುಟ್ಟರೆ ಅದರ ಹೊಗೆ ಮನೆಗೇ. ಮಲ ಕಕ್ಕಸಿಗೆ ಉದುರಿಸಿ, ಸುತ್ತಿ, ಪೇಪರಲ್ಲಿ ಕಟ್ಟಿ ಬೇರೆಯಾಗಿ ಕಸದ ಗಾಡಿಗೆ ಕೊಡಬೇಕು. ಘನತ್ಯಾಜ್ಯ ನಿಯಮದಲ್ಲೂ ಹಾಗೇ ಇದೆ.

ಶ್ರಾವಣ_ಸೋಮವಾರ
ಆನ್‌ಲೈನಲ್ಲಿ ಸಿಗೋ ಒಗೆದು ಬಳಸೋ ಬಟ್ಟೆ ಡೈಪರ್?

ಹೊಲಿಗೆ_ಮೇಷ್ಟ್ರು
ಬಿದಿರಿನ ನಾರಿನ ಪ್ಯಾಡು ಚೆನ್ನಾಗಿ ಹೀರುತ್ತೆ, ಒಣಗೋದು ಬಲು ನಿಧಾನ, ಮಲೆನಾಡ ಮಳೆಗೆ ಆಗಲ್ಲ. ಮೈಕ್ರೋಫೈಬರ್ ಪ್ಯಾಡು ಬೇಗ ಒಣಗುತ್ತೆ, ಆದ್ರೆ ನೇರ ಮೈಗೆ ತಾಗಬಾರದು, ಚರ್ಮದ ತೇವಾನೂ ಎಳೆದುಬಿಡುತ್ತೆ. ಮೇಲಿನ ಹೊದಿಕೆ 3–4 ತಗೊಂಡು ಒಳಗೆ ಪಂಚೆ ಚೌಕಾನೇ ಉದ್ದಕ್ಕೆ ಮಡಚಿ ಇಡಿ. ಬಿಚ್ಚಿ ಹರಡಿದ್ರೆ ಒಂದೇ ಪದರ, ಅದಕ್ಕೇ ಬೇಗ ಒಣಗೋದು. ಆದ್ರೆ ಇದು ಮೂರು ತಿಂಗಳಾದ ಮೇಲೆ, ಮೊದಲೇ ಹಾಕಿದ್ರೆ ಕಾಲಿನ ಸಂದೀಲಿ ಸೋರುತ್ತೆ.

ಹೇಮಾವತಿ_ದಂಡೆ
ಬಾಟಲಿ, ಸ್ಟೆರಿಲೈಸರ್ ವಿಷಯ ಯಾರೂ ಹೇಳ್ಲಿಲ್ಲ.

ವಾರ್ಡ್_ಅಕ್ಕ
ಆರು ತಿಂಗಳು ಎದೆಹಾಲು ಮಾತ್ರ, ನೀರೂ ಬೇಡ. ಹಾಗಿರೋವಾಗ ಬಾಟಲಿ ಯಾಕೆ? ಹಿಂಡಿದ ಹಾಲು ಕುಡಿಸಬೇಕಾಗಿ ಬಂದ್ರೆ ನಮ್ಮ ಒಳಲೆ (ಮೂತಿ ಇರೋ ಪುಟ್ಟ ಬಟ್ಟಲು) ಇದೆ. ಹಾಲೂಡೋಕೆ ಅದನ್ನ ಆಸ್ಪತ್ರೆಗಳ ನವಜಾತ ಘಟಕದಲ್ಲೂ ಬಳಸ್ತಾರೆ. ಮಗುವನ್ನ ಅರ್ಧ ಕೂರಿಸಿದ ಹಾಗೆ ಹಿಡಿದು, ಒಳಲೆ ಮೂತಿ ಬಾಯಿಯ ಮೂಲೇಲಿ ತುಟಿ ಮೇಲೆ ಇಡಿ, ಸ್ವಲ್ಪ ವಾಲಿಸಿ, ನುಂಗಿದ ಮೇಲೆ ಮತ್ತೆ ಸ್ವಲ್ಪ. ಮಲಗಿಸಿ ಸುರಿದ್ರೆ ನೆತ್ತಿಗೇರುತ್ತೆ. ಅಳುವಾಗ ಹಾಕಬೇಡಿ.

ಅಜ್ಜಿ ಕಾಲದ ಬೆಳ್ಳಿ ಒಳಲೆ ಇದ್ರೆ ಮೂತಿ ಬೆಸುಗೆ ಹಾಕಿದ ಜಾಗ ಕಪ್ಪಾಗಿದೆಯಾ ನೋಡಿ. ಅಲ್ಲಿ ಹಳೇ ಹಾಲಿನ ಪದರ ಕೂತಿರುತ್ತೆ. ಸ್ಟೀಲಿನದು ಉತ್ತಮ. ತೊಳೆದು, ಪೂರ್ತಿ ಮುಳುಗೋ ನೀರಲ್ಲಿ 10 ನಿಮಿಷ ಕುದಿಸಿದ್ರೆ ಮುಗೀತು. ಸ್ಟೆರಿಲೈಸರ್ ಮಾಡೋದೂ ಇಷ್ಟೇ ಕೆಲಸ.

ಡಾಕ್ಟರೇ ಹಾಲಿನ ಪುಡಿ ಬರೆದುಕೊಟ್ಟರೆ ಮಾತು ಬೇರೆ. ಆಗ ಕುದಿಸಿದ ನೀರು 70 ಡಿಗ್ರಿಗಿಂತ ಕೆಳಗೆ ಇಳಿಯೋ ಮುಂಚೆ ಪುಡಿ ಕಲಸಿ, ಆಮೇಲೆ ಆರಿಸಬೇಕು. ಪುಡಿಯೊಳಗೇ ಕ್ರಿಮಿ ಇರಬಹುದು ಅಂತ. ಡಬ್ಬದ ಮೇಲಿನ ಅಳತೆ ಬದಲಿಸಬೇಡಿ, ನೀರು ಜಾಸ್ತಿ ಮಾಡಿ ಉಳಿಸೋಕೆ ಹೋದ್ರೆ ಮಗು ಸೊರಗುತ್ತೆ.

ಹೇಮಾವತಿ_ದಂಡೆ
ಆದ್ರೆ ತಾಯಿ ಕೆಲಸಕ್ಕೆ ಹೋಗ್ತಾರಲ್ಲ ಅಕ್ಕ. ಪಂಪ್ ಬೇಕೇ ಬೇಕಾಗುತ್ತೆ. ಕಾನೂನು ಪ್ರಕಾರ ಮೊದಲ ಎರಡು ಮಕ್ಕಳಿಗೆ 26 ವಾರ ಹೆರಿಗೆ ರಜೆ ಸಿಗುತ್ತೆ ನಿಜ. ಅದರಲ್ಲಿ 8 ವಾರದವರೆಗೆ ಹೆರಿಗೆಗೆ ಮುಂಚೆಯೇ ತಗೋಬಹುದು. ಮುಂಚೆ ತಗೊಂಡಷ್ಟೂ ಆಮೇಲೆ ಕಡಿಮೆ. ಐದನೇ ತಿಂಗಳಿಗೆ ವಾಪಸ್ ಹೋದ್ರೆ ಮಗುವಿಗೆ ಇನ್ನೂ ಊಟ ಶುರು ಆಗಿರಲ್ಲ.

ಹಾಗಂತ ಈಗಲೇ ಕೊಳ್ಳಬೇಡಿ. ಪಂಪಿನ ಕೊಳವೆ ಬಾಯಿಗೆ ಅಳತೆ ಇರುತ್ತೆ, ಮಿಲಿಮೀಟರ್ ಲೆಕ್ಕದಲ್ಲಿ. ಹೆರಿಗೆ ಆದ ಮೇಲೆ ಮೊಲೆತೊಟ್ಟಿನ ಅಳತೆ ಬದಲಾಗುತ್ತೆ. ಬಿಗಿಯಾದ್ರೆ ನೋವು, ಸಡಿಲಾದ್ರೆ ಹಾಲು ಬರಲ್ಲ, ಆಮೇಲೆ "ನನಗೆ ಹಾಲೇ ಕಡಿಮೆ" ಅಂತ ತಾಯಿ ಕೊರಗ್ತಾರೆ. ಕೆಲಸಕ್ಕೆ ಸೇರೋಕೆ ಮೂರು ವಾರ ಮುಂಚೆ ತಗೊಂಡು ಅಭ್ಯಾಸ ಮಾಡ್ಲಿ. ಕೈಯಲ್ಲಿ ಹಿಂಡೋದನ್ನ ಮಾತ್ರ ಆಸ್ಪತ್ರೆಯಲ್ಲೇ ಕಲೀಬೇಕು, ಮೂರರಿಂದ ಐದನೇ ದಿನ ಎದೆ ಕಲ್ಲಾದಾಗ ಅದೇ ಕಾಪಾಡೋದು. ಹಿಂಡಿದ ಹಾಲು ಹೊರಗೆ 4 ಗಂಟೆ ಇಡಬಹುದು. ಫ್ರಿಜ್ಜಲ್ಲಾದ್ರೆ ಹಿಂಭಾಗದಲ್ಲಿ, ಬಾಗಿಲಲ್ಲಿ ಅಲ್ಲ. ಬಿಸಿನೀರಿನ ಪಾತ್ರೇಲಿ ಇಟ್ಟು ಬೆಚ್ಚಗೆ ಮಾಡಿ, ಒಲೆ ಮೇಲೆ ಕುದಿಸಬೇಡಿ.

ಬೇಲೂರು_ಹೊಯ್ಸಳ
ಬಾಟಲಿ ಉಡುಗೊರೆ ಕೊಟ್ಟರೆ ಏನು ಮಾಡೋದು?

ಮೆಡಿಕಲ್_ಶಾಪ್_ಹಾಸನ
ನೆಂಟರು ಕೊಟ್ಟರೆ ಪಕ್ಕಕ್ಕೆ ಇಟ್ಟುಬಿಡಿ. ಕಂಪನಿಯವರು ಉಚಿತ ಅಂತ ಕೊಟ್ಟರೆ ಅದು ಕಾನೂನು ಪ್ರಕಾರ ತಪ್ಪು. 1992ರ ಕಾಯ್ದೆ, 2003ರ ತಿದ್ದುಪಡಿ, ಎರಡೂ ಸೇರಿ ಎರಡು ವರ್ಷದೊಳಗಿನ ಮಕ್ಕಳ ಹಾಲಿನ ಪುಡಿ, ಬಾಟಲಿ, ಡಬ್ಬದ ಆಹಾರಕ್ಕೆ ಜಾಹೀರಾತು, ಮಾದರಿ ಹಂಚೋದು ಎಲ್ಲಾ ನಿಷೇಧ.

ಆಲ್ದೂರು_ಎಸ್ಟೇಟ್
ತೊಟ್ಟಿಲು ಬಗ್ಗೆ ಹೇಳಿ. ಅದಿಲ್ಲದೆ ನಾಮಕರಣ ಹೇಗೆ?

ಮರಗೆಲಸ_ಸಕಲೇಶಪುರ
ತೊಟ್ಟಿಲು ಶಾಸ್ತ್ರಕ್ಕೆ ಬೇಕು, ನೆಂಟರ ಮನೆಯಿಂದ ತರಿಸಿ. ಹೊಸದು ಬೇಡ, ಮಗು ಅದರಲ್ಲಿ ಮಲಗೋದು ಐದಾರು ತಿಂಗಳು. ಕೈಯೂರಿ ಏಳೋಕೆ, ಕೂರೋಕೆ ಶುರು ಮಾಡಿದ ದಿನ ತೊಟ್ಟಿಲು ಬಿಡಿಸಬೇಕು, ಮಗುಚಿಕೊಳ್ಳುತ್ತೆ.

ಹಳೇದನ್ನ ಬಳಸೋ ಮುಂಚೆ ಇಷ್ಟು ನೋಡಿ. ಕಂಬಿ ಕಂಬಿ ನಡುವೆ 6 ಸೆಂ.ಮೀ.ಗಿಂತ ಹೆಚ್ಚು ಜಾಗ ಇರಬಾರದು, ಮೈ ಜಾರಿ ತಲೆ ಸಿಕ್ಕಿಕೊಳ್ಳುತ್ತೆ. ಹಾಸಿಗೆಗೂ ಚೌಕಟ್ಟಿಗೂ ನಡುವೆ ಎರಡು ಬೆರಳು ತೂರಬಾರದು. ಬಣ್ಣ ಏಳ್ತಿದ್ರೆ ಪೂರ್ತಿ ತೆಗೆಸಿ. ಹಳೇ ಪೇಂಟಲ್ಲಿ ಸೀಸ ಇರಬಹುದು, ಮಗು ಅಂಚು ಕಚ್ಚುತ್ತೆ. ಕೀಲು ಅಲ್ಲಾಡಿದ್ರೆ ಮೊಳೆ ಹೊಡೆದು ಬಿಡಬೇಡಿ, ಬೋಲ್ಟ್ ಹಾಕಿ.

ಇನ್ನು ಕೊಕ್ಕೆ. ಹೆಂಚಿನ ಮನೇಲಿ ತೊಲೆಗೆ ಕಟ್ಟಿದ್ರೆ ನಿಶ್ಚಿಂತೆ, ತೊಲೆಗೆ ಗೆದ್ದಲು ಹತ್ತಿಲ್ಲ ಅಂತ ಉಳಿಯಿಂದ ಕುಟ್ಟಿ ನೋಡಿ. ಆರ್‌ಸಿಸಿಯಲ್ಲಿ ಸ್ಲ್ಯಾಬ್ ಕಂಬಿಗೇ ಕಟ್ಟಿ ಹಾಕಿರೋ ಕೊಕ್ಕೆ ಆಗಬೇಕು, ಆಮೇಲೆ ಡ್ರಿಲ್ ಮಾಡಿ ಪ್ಲಾಸ್ಟಿಕ್ ಪ್ಲಗ್ಗಿಗೆ ತಿರುಗಿಸಿದ್ದು ಅಲ್ಲ. ತೂಗಿ ತೂಗಿ ಅದು ಸಡಿಲ ಆಗುತ್ತೆ. ಪರೀಕ್ಷೆ ಮಾಡೋದು ಸುಲಭ: 50 ಕಿಲೋ ಕಾಫಿ ಮೂಟೆ ನೆಲದಿಂದ ಒಂದು ಅಡಿ ಎತ್ತರದಲ್ಲಿ ನೇತುಹಾಕಿ, ತೂಗಿಬಿಡಿ, ಒಂದು ರಾತ್ರಿ ಬಿಡಿ. ಸ್ಪ್ರಿಂಗ್ ತೊಟ್ಟಿಲಾದ್ರೆ ಸ್ಪ್ರಿಂಗಿನ ಪಕ್ಕದಲ್ಲೇ ಸ್ವಲ್ಪ ಸಡಿಲವಾಗಿ ಇನ್ನೊಂದು ಸರಪಳಿ ಕಟ್ಟಿ. ಸ್ಪ್ರಿಂಗ್ ತುಂಡಾದ್ರೂ ಮಗು ಕೆಳಗೆ ಬೀಳಲ್ಲ.

ಹೇಮಾವತಿ_ದಂಡೆ
ಸೀರೆ ಜೋಲಿ? ಅದರಲ್ಲೇ ಮಕ್ಕಳು ಗಾಢ ನಿದ್ದೆ ಮಾಡೋದು.

ವಾರ್ಡ್_ಅಕ್ಕ
ಜೋಲೀಲಿ ಬೆನ್ನು ಬಾಗಿ ಗದ್ದ ಎದೆಗೆ ತಾಗಿದ್ರೆ ಉಸಿರಿನ ದಾರಿ ಮಡಚಿಕೊಳ್ಳುತ್ತೆ. ಯಾರಾದ್ರೂ ಪಕ್ಕದಲ್ಲೇ ಇದ್ದು ನೋಡ್ತಿರುವಾಗ ಸ್ವಲ್ಪ ಹೊತ್ತು ಸರಿ, ರಾತ್ರಿ ಪೂರ್ತಿ ಬೇಡ. ಖಾಲಿ ಜೋಲಿ ಕೂಡ ಕಟ್ಟಿ ಬಿಡಬಾರದು, ಮನೇಲಿ ಬೇರೆ ಚಿಕ್ಕ ಮಕ್ಕಳಿದ್ರೆ ಕತ್ತಿಗೆ ಸುತ್ತಿಕೊಳ್ಳುತ್ತೆ.

ಮಗು ಮಲಗೋ ಜಾಗ ಗಟ್ಟಿ ಇರಬೇಕು, ಅಂಗಾತ ಮಲಗಿಸಬೇಕು, ಸುತ್ತ ದಿಂಬು, ಗೊಂಬೆ, ದಪ್ಪ ರಜಾಯಿ ಏನೂ ಇರಬಾರದು. ತಾಯಿ ಮಲಗೋ ಕೋಣೇಲೇ, ಬೇರೆ ಹಾಸಿಗೇಲಿ. ಗಟ್ಟಿ ಹತ್ತಿ ಹಾಸಿಗೆ, ಮೇಲೆ ರಬ್ಬರ್ ಶೀಟು, ಅದರ ಮೇಲೆ ಬಿಗಿಯಾಗಿ ಬಟ್ಟೆ, ಅಷ್ಟು ಸಾಕು. ಹಿಂದೆ ಸರ್ಕಾರಿ ಆಸ್ಪತ್ರೇಲಿ ಕೊಡ್ತಿದ್ದ ಮಡಿಲು ಕಿಟ್ಟಲ್ಲಿ ಇದ್ದಿದ್ದೂ ಇವೇ: ರಬ್ಬರ್ ಶೀಟು, ಸೊಳ್ಳೆ ಪರದೆ, ಸ್ವೆಟರು, ಕುಲಾವಿ, ತಾಯಿಗೆ ಪ್ಯಾಡು. ಸೊಳ್ಳೆ ಪರದೆ ಮಾತ್ರ ಮರೀಬೇಡಿ. ಕೊಡೆ ಥರ ಬಿಚ್ಚೋದು ಒಂದು ತಗೊಳ್ಳಿ. ಸೊಳ್ಳೆ ಬತ್ತಿ ಆ ಕೋಣೇಲಿ ಹಚ್ಚಬೇಡಿ.

ಬೇಲೂರು_ಹೊಯ್ಸಳ
ಸಾಸಿವೆ ದಿಂಬು ಇಡದಿದ್ರೆ ತಲೆ ಚಪ್ಪಟೆ ಆಗುತ್ತಲ್ಲ?

ವಾರ್ಡ್_ಅಕ್ಕ
ಒಂದು ವರ್ಷದ ಒಳಗೆ ಯಾವ ದಿಂಬೂ ಬೇಡ. ಹೊಲಿಗೆ ಬಿಟ್ಟು ಸಾಸಿವೆ ಕಾಳು ಹೊರಬಂದ್ರೆ ಮೂಗು, ಬಾಯಿಗೆ ಹೋಗುತ್ತೆ. ಎಚ್ಚರ ಇದ್ದಾಗ, ನೀವು ನೋಡ್ತಿರುವಾಗ, ಕವುಚಿ ಮಲಗಿಸಿ. ಮೊದಮೊದಲು ಎರಡು–ಮೂರು ನಿಮಿಷ, ದಿನಕ್ಕೆ ಮೂರ್ನಾಲ್ಕು ಸಲ. ಮಲಗಿಸುವಾಗ ತಲೆ ಒಂದು ದಿನ ಈ ಕಡೆ, ಒಂದು ದಿನ ಆ ಕಡೆ ತಿರುಗಿಸಿ. ಕುತ್ತಿಗೆ ಗಟ್ಟಿಯಾಗಿ ಮಗು ತಾನೇ ತಿರುಗೋಕೆ ಶುರು ಮಾಡಿದ ಮೇಲೆ ಹೆಚ್ಚಿನ ಮಕ್ಕಳಲ್ಲಿ ತಲೆ ದುಂಡಗಾಗುತ್ತೆ.

ಮಲೆನಾಡ_ಮಣೆ
ಬಾತ್ ಟಬ್ ಬೇಡ. ಎರೆಯೋರು ಮಣೆ ಮೇಲೆ ಕಾಲು ಚಾಚಿ ಕೂತು ಮಗುವನ್ನ ಕಾಲ ಮೇಲೆ ಹಾಕಿಕೊಂಡು ಎರೆಯೋದು ಟಬ್ಬಿಗಿಂತ ಭದ್ರ. ನೀರು ಬೆರೆಸುವಾಗ ಮೊದಲು ತಣ್ಣೀರು, ಆಮೇಲೆ ಬಿಸಿನೀರು, ಮೊಣಕೈ ಅದ್ದಿ ನೋಡಿ. 37–38 ಡಿಗ್ರಿ ಸಾಕು. ಬಾಣಂತಿಗೆ ಎರೆಯೋ ಸುಡುನೀರು ಮಗುವಿಗೆ ಎರೆಯೋ ಹಾಗಿಲ್ಲ. ಕೊಬ್ಬರಿ ಎಣ್ಣೆ ಮೈಗೆ ಸಾಕು. ಮೂಗಿಗೆ, ಕಿವಿಗೆ ಎಣ್ಣೆ ಬಿಡೋದು, ಮಗುವಿನ ಎದೆ ಹಿಂಡೋದು, ಹೊಕ್ಕಳಿಗೆ ಬೂದಿ–ಅರಿಸಿನ ಹಾಕೋದು ಇವು ಮೂರನ್ನೂ ಎರೆಯೋರಿಗೆ ಮೊದಲೇ ಬೇಡ ಅಂತ ಹೇಳಿ. ಮೂಗಿನ ಎಣ್ಣೆ ಶ್ವಾಸಕೋಶಕ್ಕೆ ಹೋದ್ರೆ ನ್ಯುಮೋನಿಯಾ.

ಶ್ರಾವಣ_ಸೋಮವಾರ
ಅಜ್ಜಿಯಂದಿರಿಗೆ ಇದನ್ನ ಹೇಳೋರು ಯಾರು!

ಮಲೆನಾಡ_ಮಣೆ
ಆಶಾ ಕಾರ್ಯಕರ್ತೆ ಹೇಳ್ತಾರೆ. ಆಸ್ಪತ್ರೆ ಹೆರಿಗೆ ಆದ್ರೆ 3, 7, 14, 21, 28, 42ನೇ ದಿನ ಮನೆಗೆ ಬರಬೇಕು. ತೂಕ ನೋಡ್ತಾರೆ, ಜ್ವರ ನೋಡ್ತಾರೆ. ಬಂದಾಗ ಅಜ್ಜಿಯನ್ನೂ ಪಕ್ಕದಲ್ಲಿ ಕೂರಿಸಿ. ತೂಕದ ಯಂತ್ರ ಕೊಳ್ಳೋ ಖರ್ಚೂ ಉಳೀತು.

ಮೆಡಿಕಲ್_ಶಾಪ್_ಹಾಸನ
ಔಷಧಿ ಡಬ್ಬಿಗೆ ಮೂರೇ. ಒಂದು, ಡಿಜಿಟಲ್ ಥರ್ಮಾಮೀಟರ್. ಮೂರು ತಿಂಗಳೊಳಗಿನ ಮಗುವಿಗೆ 100.4 ಫ್ಯಾರನ್‌ಹೀಟ್ ದಾಟಿದ್ರೆ ಮನೆ ಮದ್ದು, ಸಿರಪ್ಪು ಏನೂ ಕೊಡದೆ ನೇರ ಆಸ್ಪತ್ರೆ. ಎರಡು, ವಿಟಮಿನ್ ಡಿ ಹನಿ, ದಿನಕ್ಕೆ 400 ಐಯು, ಒಂದು ವರ್ಷದವರೆಗೆ. ಬಾಟಲಿ ಕೊಳ್ಳುವಾಗ ಓದಿ: ಒಂದು ಮಿಲಿಯಲ್ಲಿ 400 ಇರೋದೂ ಇದೆ, 800 ಇರೋದೂ ಇದೆ, ಒಂದೇ ಹನೀಲಿ 400 ಇರೋದೂ ಇದೆ. ಮೂರು, ಉಪ್ಪುನೀರಿನ ಮೂಗಿನ ಹನಿ.

ಪ್ಯಾರಸಿಟಮಾಲ್ ಡಾಕ್ಟರು ಬರೆದಾಗ ಮಾತ್ರ. ಅಲ್ಲೂ ಒಂದು ದೊಡ್ಡ ಅಪಾಯ ಇದೆ. ಹನಿ ಬಾಟಲೀಲಿ 1 ಮಿಲಿಗೆ 100 ಮಿ.ಗ್ರಾಂ. ಸಿರಪ್ಪಲ್ಲಿ 5 ಮಿಲಿಗೆ 120 ಅಥವಾ 125. ಸಿರಪ್ಪಿನ ಅಳತೇಲಿ ಹನಿ ಕೊಟ್ಟರೆ ನಾಲ್ಕು ಪಟ್ಟು. ಚೀಟಿ ಮೇಲೆ "ಹನಿ" ಅಂತ ಕನ್ನಡದಲ್ಲಿ ಬರೆಸಿಕೊಳ್ಳಿ. 6, 10, 14ನೇ ವಾರದ ಚುಚ್ಚುಮದ್ದು ಆದ ರಾತ್ರಿ ಮನೆಗಳಲ್ಲಿ ಈ ಗೊಂದಲ ಸುಲಭವಾಗಿ ಆಗುತ್ತೆ.

ಗ್ರೈಪ್ ವಾಟರ್ ಬೇಡ, ಅದರಿಂದ ಹೊಟ್ಟೆನೋವು ಹೋಗುತ್ತೆ ಅನ್ನೋಕೆ ಆಧಾರ ಇಲ್ಲ. ಕಾಡಿಗೆ ಬೇಡ. ದೃಷ್ಟಿಬೊಟ್ಟು ಇಡಲೇಬೇಕು ಅಂದ್ರೆ ಅಂಗಾಲಿಗೆ ಇಡಿ.

ಹಾಸನ_ಚಾಲಕ
15 ಸಾವಿರದಲ್ಲಿ ನಿಜವಾಗ್ಲೂ ಹೊಸದಾಗಿ ಕೊಳ್ಳಬೇಕಾದ್ದು ಒಂದೇ, ಕಾರ್ ಸೀಟು. ಮೂಡಿಗೆರೆ–ಬೇಲೂರು–ಹಾಸನ ರಸ್ತೇಲಿ ಮಗು ಅಜ್ಜಿ ತೊಡೆ ಮೇಲೆ ಇದ್ರೆ ಸಾಕು ಅನ್ನೋರು ಲೆಕ್ಕ ಮಾಡಿ: 40 ಕಿ.ಮೀ. ವೇಗದ ಕಾರು ಗುದ್ದಿ ಅರ್ಧ ಮೀಟರಲ್ಲಿ ನಿಂತರೆ 5 ಕಿಲೋ ಮಗುವನ್ನ ಹಿಡಿಯೋಕೆ 60 ಕಿಲೋ ಮೀರಿದ ಬಲ ಬೇಕು. ಯಾರ ಕೈಗೂ ಆಗಲ್ಲ. ಮೋಟಾರು ವಾಹನ ಕಾಯ್ದೆ 194ಬಿ ಪ್ರಕಾರ 14 ವರ್ಷದೊಳಗಿನವರಿಗೆ ಬೆಲ್ಟ್ ಅಥವಾ ಮಕ್ಕಳ ಸೀಟು ಇಲ್ಲದಿದ್ರೆ 1,000 ರೂಪಾಯಿ ದಂಡಾನೂ ಇದೆ.

ಆಲ್ದೂರು_ಎಸ್ಟೇಟ್
ವರ್ಷದಲ್ಲಿ ನಾಲ್ಕು ಸಲ ಹೋಗೋಕೆ ಅಷ್ಟು ದುಡ್ಡಾ? ಬಳಸಿದ್ದು ಸಿಗುತ್ತಲ್ಲ.

ಹಾಸನ_ಚಾಲಕ
ಬಳಸಿದ್ದನ್ನ ಗೊತ್ತಿರೋರ ಹತ್ತಿರ ಮಾತ್ರ ತಗೊಳ್ಳಿ. ಅಪಘಾತ ಆದ ಸೀಟಿನ ಒಳಬಿರುಕು ಕಾಣಲ್ಲ. ಇಸಿಇ ಆರ್44 ಅಥವಾ ಆರ್129 ಅನ್ನೋ ಸುರಕ್ಷತಾ ಮಾನದಂಡದ ಕಿತ್ತಳೆ ಚೀಟಿ ಇದೆಯಾ ನೋಡಿ. ಹಿಂದಿನ ಸೀಟಲ್ಲಿ, ಮಗುವಿನ ಮುಖ ಕಾರಿನ ಹಿಂಬದಿಗೆ ಇರೋ ಹಾಗೆ, ಕನಿಷ್ಠ 15 ತಿಂಗಳವರೆಗೆ. ಏರ್‌ಬ್ಯಾಗ್ ಇರೋ ಮುಂದಿನ ಸೀಟಲ್ಲಿ ಹಾಗೆ ಇಟ್ಟರೆ ಪ್ರಾಣಕ್ಕೇ ಅಪಾಯ. ಕಟ್ಟಿದ ಮೇಲೆ ಬೆಲ್ಟ್ ಹಾಯೋ ಜಾಗದಲ್ಲಿ ಹಿಡಿದು ಅಲ್ಲಾಡಿಸಿ, ಒಂದು ಇಂಚಿಗಿಂತ ಹೆಚ್ಚು ಸರಿಯಬಾರದು. ಚಳಿ ಅಂತ ದಪ್ಪ ಸ್ವೆಟರ್ ಮೇಲೆ ಬೆಲ್ಟ್ ಕಟ್ಟಬೇಡಿ, ಉಣ್ಣೆ ಅದುಮಿ ಬೆಲ್ಟ್ ಸಡಿಲ ಆಗುತ್ತೆ. ಬೆಲ್ಟ್ ಕಟ್ಟಿ ಮೇಲೆ ಶಾಲು ಹೊದಿಸಿ. ದೂರದ ದಾರೀಲಿ ಆಗಾಗ ನಿಲ್ಲಿಸಿ ಎತ್ತಿಕೊಳ್ಳಿ.

ಬೈಕು, ಸ್ಕೂಟರಲ್ಲಿ 4 ವರ್ಷದೊಳಗಿನ ಮಕ್ಕಳಿಗೆ ಸುರಕ್ಷತಾ ಪಟ್ಟಿ, 40 ಕಿ.ಮೀ. ಮಿತಿ, 9 ತಿಂಗಳಿಂದ 4 ವರ್ಷದವರೆಗೆ ಹೆಲ್ಮೆಟ್ಟು ಅಂತ 2023ರ ಫೆಬ್ರವರಿಯಿಂದ ನಿಯಮ ಇದೆ. 9 ತಿಂಗಳೊಳಗಿನ ಮಗುವನ್ನ ಕರಕೊಂಡು ಹೋಗೋದೇ ಬೇಡ.

ಶ್ರಾವಣ_ಸೋಮವಾರ
ಸ್ಟ್ರೋಲರ್?

ಮಲೆನಾಡ_ಮಣೆ
ತೋಟದ ದಾರೀಲಿ ಚಕ್ರ ಕೆಸರಲ್ಲಿ ಹೂತು ಹೋಗುತ್ತೆ. ಹಾಸನಕ್ಕೆ ಹೋದ ಮೇಲೆ ಯೋಚನೆ ಮಾಡಿ.

ವಾರ್ಡ್_ಅಕ್ಕ
ವಾಕರ್ ಅಂತೂ ಎಂದಿಗೂ ಬೇಡ. ಕೆನಡಾದಲ್ಲಿ 2004ರಿಂದ ಮಾರೋದನ್ನೇ ನಿಷೇಧಿಸಿದ್ದಾರೆ. ಮಗು ಬೆರಳ ತುದೀಲಿ ನೆಲ ತಳ್ಳೋದು ಕಲಿಯುತ್ತೆ, ನಡಿಗೆ ತಡ ಆಗುತ್ತೆ, ಮೆಟ್ಟಿಲಿಂದ ಉರುಳುತ್ತೆ. ಹಿಡಿದು ನಿಲ್ಲೋ ವಯಸ್ಸಿಗೆ ನಮ್ಮ ಮರದ ಮೂರು ಚಕ್ರದ ಗಾಡಿ ಒಳ್ಳೇದು, ಅಂಗಳ ಸಮ ಇರಬೇಕು ಅಷ್ಟೇ.

ಮಾತು ಮಗುವಿನ ಸಾಮಾನಲ್ಲೇ ಸುತ್ತುತಾ ಇದೆ, ತಾಯಿ ಬಗ್ಗೆ ಒಂದು. ಬಾಣಂತಿಗೆ ನೀರು ಕಡಿಮೆ ಕೊಡೋ ಪದ್ಧತಿ ಕೆಲವು ಮನೇಲಿದೆ. ಹಾಲೂಡೋಳಿಗೆ ಬಾಯಾರಿಕೆ ಜಾಸ್ತಿ. ಒಂದು ಲೀಟರಿನ ಫ್ಲಾಸ್ಕು ಹಾಸಿಗೆ ಪಕ್ಕ ಇರಲಿ, ಬಿಸಿನೀರು ಹಾಕಿ, ಹಾಲೂಡಿದಾಗಲೆಲ್ಲ ಒಂದು ಲೋಟ. ಈ ಪಟ್ಟೀಲಿ ಅದಕ್ಕಿಂತ ಉಪಯೋಗದ ವಸ್ತು ಕಡಿಮೆ.

ಬೇಲೂರು_ಹೊಯ್ಸಳ
ನೀರು ಜಾಸ್ತಿ ಕುಡಿದ್ರೆ ಹೊಟ್ಟೆ ಇಳಿಯಲ್ಲ ಅಂತಾರಲ್ಲ?

ವಾರ್ಡ್_ಅಕ್ಕ
ಹೊಟ್ಟೆಗೂ ನೀರಿಗೂ ಸಂಬಂಧ ಇಲ್ಲ. ನೀರು ಕಡಿಮೆ ಆದ್ರೆ ಮಲಬದ್ಧತೆ, ಮೂತ್ರದ ಉರಿ. ಹೊಲಿಗೆ ಹಾಕಿರೋ ತಾಯಿಗೆ ಅದು ದೊಡ್ಡ ಹಿಂಸೆ.

ಕೊಟ್ಟಿಗೆಹಾರ_ಗಾಳಿ
ಎಲ್ಲರಿಗೂ ಕೈಮುಗಿದೆ. ಪಂಚೆ ಕೇಳೋಕೆ ಇವತ್ತೇ ನಾಲ್ಕು ಮನೆಗೆ ಫೋನ್ ಮಾಡ್ತೀನಿ. ಹೊಸ ಸಾಮಾನಿನ ಚೀಟಿ ಬರೆದು ಮೂಡಿಗೆರೆ ಅಂಗಡೀಲಿ ಕೊಟ್ಟಿರ್ತೀನಿ, ಹುಟ್ಟಿದ ಮೇಲೆ ತರೋದು. ಮೊದಲ ದಿನ ಮನೆಗೆ ಬರೋದೂ ಕಾರಲ್ಲೇ, ಹಾಗಾಗಿ ಸೀಟು ಮಾತ್ರ ಮುಂಚೆಯೇ ಕಾರಲ್ಲಿರಬೇಕು. ಅದು ಕಾರಿನ ಸಾಮಾನು ಅಂತ ಹಿರಿಯರನ್ನ ಒಪ್ಪಿಸ್ತೀನಿ. ಕೊನೇ ಪ್ರಶ್ನೆ: ಮಕ್ಕಳ ಊಟಕ್ಕೆ ಬ್ಲೆಂಡರ್, ಸ್ಟೀಮರ್ ಅಂತ ಒಂದು ಸೆಟ್ ತೋರಿಸ್ತಿದೆ.

ಅರಸೀಕೆರೆ_ತೆಂಗು
ಬೇಡ. ಮಿಕ್ಸಿ, ವಸ್ತ್ರಗಾಳಿತಕ್ಕೆ ಒಂದು ತೆಳು ಬಟ್ಟೆ ಸಾಕು. ರಾಗಿ ಒಂದು ರಾತ್ರಿ ನೆನೆಸಿ, ಬಟ್ಟೇಲಿ ಕಟ್ಟಿ ಮೊಳಕೆ ಬರಿಸಿ, ಬಿಸಿಲಲ್ಲಿ ಚೆನ್ನಾಗಿ ಒಣಗಿಸಿ, ಸಣ್ಣ ಉರೀಲಿ ಹುರಿದು ಪುಡಿ ಮಾಡಿ ಸೋಸಿ. ತೇವ ಉಳಿದ್ರೆ ಬೂಷ್ಟು, ಅದಕ್ಕೇ ಮಳೆಗಾಲದಲ್ಲಿ ಮಾಡಬಾರದು. ನಿಮ್ಮ ಮಗುವಿಗೆ ಆರು ತಿಂಗಳು ತುಂಬೋದು ಫೆಬ್ರವರಿಗೆ, ಹಾಸನದಲ್ಲಿ ಒಳ್ಳೇ ಬಿಸಿಲಿರುತ್ತೆ. ಜನವರಿ ಕೊನೇ ವಾರ ಅರ್ಧ ಕಿಲೋ ನೆನೆಹಾಕಿ. ಶುರುವಿಗೆ ಆ ಪುಡಿ ಬೇಯಿಸಿ ಮಾಡಿದ ರಾಗಿಸರಿ ಎರಡು–ಮೂರು ಚಮಚ, ದಿನಕ್ಕೆ ಎರಡು ಸಲ. ಚಮಚ ವಾಲಿಸಿದ್ರೆ ಕೂಡಲೇ ಜಾರಬಾರದು, ಅಷ್ಟು ಗಟ್ಟಿ. ಒಂದು ವರ್ಷದವರೆಗೆ ಉಪ್ಪು, ಸಕ್ಕರೆ ಹಾಕಬೇಡಿ.